ಕಾಸು ಹುಡುಕಲು ಹೋದ ಪುಕ್ಕಲ

ಮೊನ್ನೆ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಯಾರೋ ಮಂತ್ರಿಗಳು ಬರುತ್ತಾರೆಂದು ಛತ್ರದ ಬಾಗಿಲಲ್ಲೇ ಪೊಲೀಸರು ನಿಂತು, ಬಂದವರ ಮೈಮೇಲೆಲ್ಲ ಒಂದು ಕಪ್ಪು ಕೋಲನ್ನು ಆಡಿಸಿ ಒಳಗೆ ಬಿಡುತ್ತಿದ್ದರು. ನನ್ನ ಸರದಿ ಬಂತು. ಕೋಲು ಸೊಂಟದ ಹತ್ತಿರ ಬಂದದ್ದೇ 'ಕುಂಯ್' ಎಂದಿತು. ಜೇಬಿನಲ್ಲಿದ್ದದ್ದು ಮನೆಯ ಬೀಗದ ಕೈ, ಅಷ್ಟೇ. ಆದರೆ ಆ ಸದ್ದು ಕಿವಿಗೆ ಬಿದ್ದ ಕೂಡಲೇ ನಾನು ಎರಡೂ ಕೈ ಮೇಲೆತ್ತಿ ನಿಂತು ಬೆವರತೊಡಗಿದೆ. "ಯಾಕ್ ಯಜಮಾನ್ರೇ, ಇಂಗ್ ಬೆವರ್ತಾ ಇದೀರಿ? ಒಳ್ಗೇನ್ ಬಾಂಬ್ ಇಟ್ಕಂಡಿದ್ದೀರಾ?" ಎಂದು ಪೊಲೀಸಿನವನು ನಕ್ಕ. ನನ್ನ ಹೆಂಡತಿಯೂ ನಕ್ಕಳು. ತೊಂಬತ್ತರ ದಶಕದಲ್ಲಿ ನಾನು ಅದೇ ಸದ್ದಿನ ಬೆನ್ನು ಹತ್ತಿ ಎಷ್ಟೋ ಭಾನುವಾರಗಳನ್ನು ಕಳೆದವನೆಂದು ಆ ಪೊಲೀಸಿನವನಿಗೆ ಗೊತ್ತಿಲ್ಲ. ಇವಳಿಗೆ ಗೊತ್ತು. ಗೊತ್ತಿದ್ದೂ ನಕ್ಕಳು.

ನಾನು ಹುಟ್ಟಾ ಪುಕ್ಕಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲವರು ಕತ್ತಲಿಗೆ ಹೆದರುತ್ತಾರೆ, ಕೆಲವರು ಹಾವಿಗೆ, ಕೆಲವರು ಹೆಂಡತಿಗೆ. ನಾನು ಹೀಗೆ ಆರಿಸಿಕೊಂಡು ಹೆದರಿದವನಲ್ಲ. ಮನೆಗೆ ತಂತಿ ಬಂದರೆ ಹೆದರುತ್ತಿದ್ದೆ, ಬಾರದಿದ್ದರೆ ಯಾಕೆ ಬಂದಿಲ್ಲವೆಂದು ಹೆದರುತ್ತಿದ್ದೆ. ಇದರ ಬೇರು ನಮ್ಮ ಅಜ್ಜಿಯ ಬಾಯಲ್ಲಿತ್ತು. ಕೆ.ಆರ್. ಪೇಟೆ ಕಡೆಯ ನಮ್ಮ ಒಕ್ಕಲುಮನೆಯ ಜಗಲಿಯ ಮೇಲೆ ಕೂತು ಆಕೆ ರಾಗಿ ಕೇರುತ್ತಾ ನಿಧಿಯ ಕಥೆ ಹೇಳುತ್ತಿದ್ದಳು. ನೆಲದೊಳಗೆ ಹೊನ್ನು ತುಂಬಿದ ಕೊಪ್ಪರಿಗೆಗಳು ಇರುತ್ತವಂತೆ, ಅವು ತಮ್ಮಷ್ಟಕ್ಕೆ ತಾವೇ ಉರುಳಾಡುತ್ತವಂತೆ. "ಮೂರ್ಸಂಜೇಲಿ ನೆಲದೊಳ್ಗಿಂದ 'ಬರ್ಲಾ... ಬರ್ಲಾ...' ಅಂತದೆ ಕಣ್ಲಾ ಮಗಾ. 'ಬಾ' ಅಂದ್ಯೋ, ಬಂದ್ಬುಡ್ತದೆ. ಆದ್ರೆ ಸುಮ್ಕೆ ಬರಕಿಲ್ಲ. ಮನೇ ಚೊಚ್ಚಲ ಕೂಸ್ನ ಕೇಳ್ತದೆ," ಎನ್ನುತ್ತಿದ್ದಳು.

ನಮ್ಮ ಮನೆಯ ಚೊಚ್ಚಲ ಕೂಸು ನಾನೇ. ಈ ಸಂಗತಿ ಅಜ್ಜಿಯ ಲಕ್ಷ್ಯಕ್ಕೆ ಬರಲಿಲ್ಲವೋ ಅಥವಾ ಬಂದೇ ಹೇಳುತ್ತಿದ್ದಳೋ ತಿಳಿಯದು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ನಾನು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ. ಒಮ್ಮೆ ನಮ್ಮ ಸೋದರಮಾವ ಸಂಜೆ ಬಸ್ಸಿಳಿದು ಬಂದು, ಬಾಗಿಲ ಹೊರಗೆ ಕಾಲು ತೊಳೆಯುತ್ತಾ, "ಏನವ್ವಾ, ಒಳಿಕ್ ಬರ್ಲಾ?" ಎಂದ. "ಬ್ಯಾಡಾ! ಬರ್ಬ್ಯಾಡಾ!" ಎಂದು ನಾನು ಅಟ್ಟ ಹಾರುವಂತೆ ಕಿರುಚಿದೆ. ಮಾವನಿಗೆ ಬಹಳ ಬೇಜಾರಾಯಿತು. ನನಗೆ ಬಿದ್ದ ಏಟುಗಳಲ್ಲಿ ಅಜ್ಜಿಗೆ ಸಲ್ಲಬೇಕಾದ ಪಾಲೂ ಇತ್ತು ಎಂದು ಇವತ್ತಿಗೂ ನನ್ನ ವಾದ.

ಇಂಥವನು ನೆಲದೊಳಗಿನ ಕಾಸು ಹುಡುಕುವ ಹವ್ಯಾಸಕ್ಕೆ ಹೇಗೆ ಬಿದ್ದೆ ಎಂದು ನೀವು ಕೇಳಬೇಕು. ಅದಕ್ಕೆ ಕಾರಣ ನಂಜುಂಡಾಚಾರ್ರು. ನಾನಾಗ ಪಾಂಡವಪುರದಲ್ಲಿ ಹೈಸ್ಕೂಲು ಮೇಷ್ಟ್ರು. ಆಚಾರ್ರದು ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ. ಅವರ ತಂದೆ ಹೆಸರುವಾಸಿ ಅಕ್ಕಸಾಲಿ. ಜನ ಮೈಸೂರಿಗೆ ಹೋಗಿ ಗಾಜಿನ ಅಂಗಡಿಗಳಲ್ಲಿ ಒಡವೆ ಕೊಳ್ಳಲು ಶುರುಮಾಡಿದ ಮೇಲೆ ಮಗ ಆ ಕಸುಬು ಬಿಟ್ಟು, ಚಿನ್ನಕ್ಕೆ ಬೆಸುಗೆ ಹಾಕುವ ಬದಲು ರೇಡಿಯೋ ತಂತಿಗೆ ಬೆಸುಗೆ ಹಾಕುತ್ತಾ ಕೂತಿದ್ದರು. ನನ್ನ ರೇಡಿಯೋ ಕೆಟ್ಟು ಅಲ್ಲಿಗೆ ಹೋದ ದಿನ ಅವರು ಅಂಗಡಿಯ ನೆಲದ ಮೇಲೆ ಒಂದು ವಿಚಿತ್ರ ವಸ್ತುವನ್ನು ಆಡಿಸುತ್ತಿದ್ದರು. ಬಿದಿರು ಕೋಲು, ಅದರ ತುದಿಗೆ ತಾಮ್ರದ ತಂತಿ ಸುತ್ತಿದ ಪ್ಲಾಸ್ಟಿಕ್ ತಟ್ಟೆ, ಮೇಲುಗಡೆ ಹಳೆಯ ರೇಡಿಯೋದ ಪೆಟ್ಟಿಗೆ. ಸುಮ್ಮನಿದ್ದಾಗ ಅದು ಸಣ್ಣಗೆ 'ಗುಂಯ್' ಎನ್ನುತ್ತಿತ್ತು. ಕೆಳಗೆ ಲೋಹವೇನಾದರೂ ಇದ್ದರೆ ಸ್ವರ ಏರಿಸಿ, ಹಸಿದ ನಾಯಿಮರಿಯಂತೆ 'ಕುಂಯ್' ಎಂದು ರಾಗ ಎಳೆಯುತ್ತಿತ್ತು. ಹಾಗಾಗಿ ಅದಕ್ಕೆ ನಾಯಿಮರಿ ಎಂದೇ ಹೆಸರಾಯಿತು.

"ನಮ್ಮೂರ ಮಣ್ಣಲ್ಲಿ ಬಗೆದಷ್ಟೂ ಕಾಸು ಮೇಷ್ಟ್ರೇ. ಭಾನುವಾರ ಜೊತೆಗೆ ಬನ್ನಿ," ಎಂದರು.

"ನಾನ್ಯಾಕ್ರೀ?"

"ಮೇಷ್ಟ್ರು ಜೊತೇಲಿದ್ರೆ ಜನ ಹೊಡೆಯೋಕೆ ಮುಂಚೆ ಒಂದ್ಸಲ ಯೋಚ್ನೆ ಮಾಡ್ತಾರೆ."

ಈ ಮಾತಿನ ಅರ್ಥ ನನಗೆ ಆಮೇಲೆ ಆಯಿತು.

ಕೋಟೆಯೊಳಗೆ ಅಗೆಯುವುದಿಲ್ಲ, ಗುಡಿಯ ಹತ್ತಿರ ಸುಳಿಯುವುದಿಲ್ಲ, ಸಂಜೆಯಾದ ಮೇಲೆ ಹೊರಗಿರುವುದಿಲ್ಲ ಎಂದು ನಾನು ಷರತ್ತು ಹಾಕಿದೆ. ಆಚಾರ್ರು ಇದನ್ನು ನನ್ನ ಕಾನೂನುಪ್ರಜ್ಞೆ ಎಂದು ಗೌರವಿಸಿದರು. ಬರೀ ಹೆದರಿಕೆ ಎಂದು ನಾನೂ ತಿದ್ದಲು ಹೋಗಲಿಲ್ಲ. ಬೇಸಿಗೆಯಲ್ಲಿ ಕಾವೇರಿ ಇಳಿದಾಗ ಗಂಜಾಂ ಕೆಳಗಿನ ಮರಳಿನಲ್ಲಿ ಓಡಾಡುತ್ತಿದ್ದೆವು. ನಿಮಿಷಾಂಬೆಗೆ ಕೈಮುಗಿದು ಬಂದವರು ಹೊಳೆಗೆ ಎಸೆದ ಕಾಸುಗಳು ಅಲ್ಲಿ ಬೇಕಾದಷ್ಟು ಸಿಗುತ್ತಿದ್ದವು. ಅವನ್ನು ನಾನು ತಿರುಗಿ ಹೊಳೆಗೇ ಎಸೆಯುತ್ತಿದ್ದೆ. ಯಾರ ಹರಕೆ ಯಾರಿಗೆ ತಗಲುತ್ತದೋ, ನಮಗೇಕೆ? ಆಚಾರ್ರು ಸಿಟ್ಟಾಗುತ್ತಿದ್ದರು. ಮನೆಗೆ ತಂದದ್ದು ತೂತಿನ ಕಾಸು, ಕಾಲಾಣೆ, ಸುಲ್ತಾನರ ಕಾಲದ ಒಂದೆರಡು ಆನೆಕಾಸು. ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಆನೆಯ ಬೆನ್ನು ಮೊದಲು ಮೂಡಿ, ಆಮೇಲೆ ಸೊಂಡಿಲು ಮೂಡುತ್ತಿತ್ತು. ಆ ಕ್ಷಣದಲ್ಲಿ ನಾನು ಎಲ್ಲ ಹೆದರಿಕೆಯನ್ನೂ ಮರೆಯುತ್ತಿದ್ದೆ. ಅದನ್ನು ಯಾವ ಸಿಪಾಯಿ ಕೊನೆಯ ಸಲ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದನೋ, ಅವನು ಹೇಗೆ ಸತ್ತನೋ ಎಂದು ಯೋಚನೆ ಬಂದ ಕೂಡಲೇ ಹೆದರಿಕೆ ತಿರುಗಿ ಬರುತ್ತಿತ್ತು. ಹೆಂಡತಿ ಆ ಕಾಸುಗಳನ್ನು ಒಳಗೆ ಸೇರಿಸಲಿಲ್ಲ. ಒಂದು ಸೀಳುಬಿಟ್ಟ ಉಪ್ಪಿನಕಾಯಿ ಜಾಡಿಯಲ್ಲಿ ಹಾಕಿ ಬಚ್ಚಲ ಹಿಂದೆ ಇಟ್ಟಳು.

ಒಮ್ಮೆ ಪಾಲಹಳ್ಳಿಯ ಹತ್ತಿರ ಕಬ್ಬು ಕಡಿದ ಗದ್ದೆಯಲ್ಲಿ ನಾಯಿಮರಿ ಬೊಗಳಿದಷ್ಟೇ ಜೋರಾಗಿ ಕಿರುಚಿತು. ಕೆದಕಿದರೆ ಕಬ್ಬಿಣದ ಗುಂಡು, ದಪ್ಪ ನಿಂಬೆಹಣ್ಣಿನ ಗಾತ್ರ. ಆ ಮಣ್ಣಿನಲ್ಲಿ ಸುಲ್ತಾನರ ಕಾಲದ ಲಡಾಯಿ ನಡೆದದ್ದು ನನಗೆ ನೆನಪಾಯಿತು. "ಮದ್ದು ತುಂಬಿದ ಗುಂಡು! ಆಚಾರ್ರೇ, ಮಲಗಿ!" ಎಂದು ಕೂಗಿ ನಾನು ಪಕ್ಕದ ಕಾಲುವೆಗೆ ಹಾರಿದೆ. ಕಾಲುವೆಯಲ್ಲಿ ನೀರಿತ್ತು. ಆಚಾರ್ರು ಗುಂಡನ್ನು ಕೈಯಲ್ಲಿ ಹಿಡಿದು ದಡಕ್ಕೆ ಬಂದು, "ಆಲೆಮನೆ ಗಾಣದ ಬೇರಿಂಗ್ ಗುಂಡು ಮೇಷ್ಟ್ರೇ, ಎದ್ದು ಬನ್ನಿ," ಎಂದರು. ಕಬ್ಬಿನ ಗದ್ದೆಯ ಹೆಂಗಸರು ಬಹಳ ದಿನ ಆ ಕಡೆ ಹೋದಾಗಲೆಲ್ಲ ನನ್ನನ್ನು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು.

ಅಲ್ಲಿಯವರೆಗೆ ನನ್ನ ಹೆದರಿಕೆಗಳೆಲ್ಲ ಹೀಗೇ ನಗೆಪಾಟಲಿನವು. ನಾಗಮಂಗಲದ ಕಡೆ ಹೋದ ಭಾನುವಾರದ್ದು ಬೇರೆ.

"ಕಾಸು ಬೀಳೋದು ಸಂತೇಲಿ, ಅರಮನೇಲಲ್ಲ" ಎಂಬುದು ಆಚಾರ್ರ ಸಿದ್ಧಾಂತ. ನಾಗಮಂಗಲಕ್ಕೆ ಸ್ವಲ್ಪ ದೂರದಲ್ಲಿ ಹಿಂದೆ ಸಂತೆ ನಡೆಯುತ್ತಿದ್ದು ಈಗ ನಿಂತುಹೋದ ಒಂದು ಮಾಳವಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಊರಿನ ಹೆಸರು ಬೇಡ. ರಾಗಿ ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ನಿಂತಿದ್ದ ಕಾಲ. ಬಸ್ಸಿಳಿದು ಮಾಳಕ್ಕೆ ಹೋದೆವು. ದೊಡ್ಡ ಹುಣಸೆಮರಗಳು, ಆಚೆಗೆ ಹೊಲಗಳು. ನಾಯಿಮರಿಯನ್ನು ಆಡಿಸುತ್ತಾ ಒಂದು ತೂತಿನ ಕಾಸು ತೆಗೆದು ಖುಷಿಯಲ್ಲಿದ್ದಾಗ ನಿಜವಾದ ನಾಯಿಗಳು ಬೊಗಳಿದವು. ತಲೆಯೆತ್ತಿ ನೋಡಿದರೆ ಸುತ್ತಲೂ ಜನ. ಕೆಲವರ ಕೈಯಲ್ಲಿ ಕುಡುಗೋಲು, ಕೆಲವರ ಕೈಯಲ್ಲಿ ಮಚ್ಚು.

ಮುಂದೆ ನಿಂತಿದ್ದವನ ಹೆಸರು ಬೋರೇಗೌಡ ಎಂದು ಆಮೇಲೆ ತಿಳಿಯಿತು. "ಯಾರ್ಲಾ ನೀವು? ಏನ್ಲಾ ಅದು ಕೈಲಿ?" ಎಂದ.

"ನಾನು... ಮೇಷ್ಟ್ರು..." ಎಂದೆ.

"ಮೇಷ್ಟ್ರಾದ್ರೆ ಇಸ್ಕೂಲ್ತಾವ ಇರು. ನಮ್ ಮಾಳ್ದಾಗೇನ್ ಕೆಲ್ಸ?"

"ಹಳೇ ಕಾಸು... ಹುಡುಕ್ತೀವಿ..."

"ಕೇಳುದ್ರೇನ್ರೋ! ಕಾಸ್ ಹುಡುಕ್ತಾವ್ರಂತೆ! ಮೊನ್ನೆ ಬಸಪ್ಪನ ಕಲ್ಲಿನ ಬುಡ ಅಗದ್ ಓದೋರು ಇವ್ರೇ ಕಣ್ರೋ. ನಿಧಿ ಕಳ್ರು!"

ಆ ವರ್ಷಗಳಲ್ಲಿ ಆ ಕಡೆಯೆಲ್ಲ ನಿಧಿಗಳ್ಳರ ಸುದ್ದಿ ಹಬ್ಬಿತ್ತು. ಹಳೆಯ ಮಂಟಪ ಒಡೆಯುತ್ತಾರೆ, ಬಲಿ ಕೊಡುತ್ತಾರೆ, ಮಕ್ಕಳನ್ನು ಹೊತ್ತೊಯ್ಯುತ್ತಾರೆ ಎಂದು ಊರೂರಲ್ಲಿ ಮಾತು. ನಮ್ಮ ಚೀಲ ಕಸಿದು ನೆಲಕ್ಕೆ ಸುರಿದರು. ಬುತ್ತಿಯ ಗಂಟಿನ ಜೊತೆಗೆ ಒಂದು ನಿಂಬೆಹಣ್ಣು, ಕುಂಕುಮದ ಪೊಟ್ಟಣ, ಸಣ್ಣ ಸನಿಕೆ ಉರುಳಿ ಬಿದ್ದವು. ಬಸ್ಸಿನಲ್ಲಿ ವಾಂತಿ ಬಂದರೆ ಮೂಸಿ ನೋಡಲಿ ಎಂದು ಹೆಂಡತಿ ನಿಂಬೆಹಣ್ಣು ಇಟ್ಟಿದ್ದಳು. ಹೆದರುವ ಗಂಡನಿಗೆ ದೇವರ ರಕ್ಷೆ ಇರಲಿ ಎಂದು ಕುಂಕುಮ ಇಟ್ಟಿದ್ದಳು. ನಿಂಬೆಹಣ್ಣು, ಕುಂಕುಮ, ಅಗೆಯುವ ಸನಿಕೆ ಒಟ್ಟಿಗೆ ಕಂಡ ಜನರಿಗೆ ಇನ್ನೇನು ಬೇಕು? ಮುಂದೆ ನಿಂತಿದ್ದ ಮಕ್ಕಳನ್ನು ಹೆಂಗಸರು ಹಿಂದಕ್ಕೆಳೆದುಕೊಂಡರು. ಅದೇ ನನ್ನನ್ನು ಮಚ್ಚಿಗಿಂತ ಹೆಚ್ಚಾಗಿ ಹೆದರಿಸಿತು.

ನಮ್ಮನ್ನು ಹುಣಸೆಮರದ ಬುಡದಲ್ಲಿ ಕೂರಿಸಿದರು. ಒಬ್ಬ ಆಚಾರ್ರ ಕೊರಳಪಟ್ಟಿ ಹಿಡಿದಿದ್ದ. ಪೊಲೀಸರನ್ನು ಕರೆಯೋಣ ಎಂದು ಒಬ್ಬ, ಮೊದಲು ಕೈಕಾಲು ಮುರಿದು ಆಮೇಲೆ ಕರೆಯೋಣ ಎಂದು ಇನ್ನೊಬ್ಬ. "ನಾನು ಅಕ್ಕಸಾಲಿಗರೋನು ಸ್ವಾಮಿ, ಪಟ್ಣದ ಪೇಟೆ ಬೀದೀಲಿ ರೇಡಿಯೋ ಅಂಗಡಿ ಇಟ್ಕೊಂಡಿದೀನಿ, ಬೇಕಾದ್ರೆ ಬಂದು ವಿಚಾರಿಸಿ," ಎಂದು ಆಚಾರ್ರು ಗೋಗರೆಯುತ್ತಿದ್ದರು. ನಮ್ಮ ಮನೆಯ ಬಾಗಿಲು, ಇಸ್ತ್ರಿ ಮಾಡಿಟ್ಟ ಸೋಮವಾರದ ಷರಟು ನನ್ನ ಕಣ್ಣ ಮುಂದೆ ಬಂದವು. ಸಾಯುವ ಹೊತ್ತಿನಲ್ಲಿ ಷರಟು ನೆನಪಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ಗುಂಪನ್ನು ಬಿಡಿಸಿಕೊಂಡು ಒಬ್ಬ ಎಳೆಯ ಹೆಂಗಸು ಮುಂದೆ ಬಂದಳು. ಕಣ್ಣು ಗುಳಿಬಿದ್ದು, ಊಟ ಬಿಟ್ಟವಳಂತೆ ಸೊರಗಿದ್ದಳು. ಕೊರಳಲ್ಲಿ ಅರಿಶಿನದ ದಾರ, ದಾರದಲ್ಲಿ ತಾಳಿ ಇರಬೇಕಾದ ಕಡೆ ಅರಿಶಿನದ ಕೊಂಬು. ತಾಳಿ ಕಳೆದುಹೋದಾಗ ನಮ್ಮ ಕಡೆ ಹೆಂಗಸರು ಕೊರಳು ಬರಿದಾಗಬಾರದೆಂದು ಹಾಗೆ ಕಟ್ಟಿಕೊಳ್ಳುತ್ತಾರೆ. ಅವಳು ನಾಯಿಮರಿಯನ್ನು ತೋರಿಸಿ ಕೇಳಿದಳು: "ಅಣ್ಣಾ, ಇದು ಚಿನ್ನಾನೂ ತೋರುಸ್ತದಾ?"

ಆಚಾರ್ರು ಹೌದೆಂದು ತಲೆಯಾಡಿಸಿದರು.

"ಅಂಗಾರೆ ನನ್ ತಾಳಿ ಹುಡ್ಕೊಡಿ. ನಿಮ್ ಕಾಲ್ಗ್ ಬೀಳ್ತೀನಿ."

ಅವಳು ಜಯಮ್ಮ. ರಾಗಿ ಹೊರೆ ಹೊರುವಾಗ ದಾರ ಸವೆದು ತಾಳಿ ಹೊಲದಲ್ಲಿ ಬಿದ್ದುಹೋಗಿತ್ತು. ಮನೆಮಂದಿಯೆಲ್ಲ ಕೂಳೆ ಕೂಳೆ ತಡಕಿದರೂ ಸಿಕ್ಕಿರಲಿಲ್ಲ. ಅದೇ ವಾರ ಅವಳ ಗಂಡ ಹೊಟ್ಟೆನೋವೆಂದು ಮಲಗಿದವನು ಹಾಸಿಗೆಯೇ ಹಿಡಿದ. ದೊಡ್ಡಾಸ್ಪತ್ರೆಗೆ ಸೇರಿಸಿ ಆಪರೇಷನ್ನಿಗೆ ಕಾಯುತ್ತಿದ್ದರು. ಹೆದರಿದವರ ಮೇಲೆ ಹಾವು ಬಿಟ್ಟಂತೆ, ಅತ್ತೆ ಸಂಕಟದಲ್ಲಿ ಒಂದು ಮಾತು ಅಂದುಬಿಟ್ಟಿದ್ದಳಂತೆ: "ನಿನ್ ಕೊಳ್ಳಿಂದ ಬಿದ್ದುದ್ದು ತಾಳಿಯಲ್ಲ ಕಣೇ, ನನ್ ಮಗನ ಆಯಸ್ಸು." ಆವತ್ತಿನಿಂದ ಜಯಮ್ಮ ಅನ್ನ ಬಿಟ್ಟಿದ್ದಳು. ಆಸ್ಪತ್ರೆಗೆ ಹೋಗಿ ಗಂಡನ ಮುಖ ನೋಡಲೂ ಅವಳಿಗೆ ಭಯ. ಇದನ್ನೆಲ್ಲ ಪಕ್ಕದವರು ಹೇಳುತ್ತಿದ್ದಾಗ ಆ ಅತ್ತೆಯೂ ಅಲ್ಲೇ ನಿಂತಿದ್ದಳು. ಪುಟ್ಟಲಿಂಗಮ್ಮ, ಗಿಡ್ಡನೆಯ ಮುದುಕಿ. ಸೊಸೆಯ ಕಡೆ ನೋಡದೆ ನೆಲ ನೋಡುತ್ತಿದ್ದಳು.

ಬೋರೇಗೌಡ ತೀರ್ಪು ಕೊಟ್ಟ. "ಸರಿ, ಹುಡುಕ್ರಲಾ. ಸಿಕ್ರೆ ಬಸ್ ಅತ್ತುಸ್ತೀವಿ. ಸಿಗ್ನಿಲ್ಲ ಅಂದ್ರೆ ಆಮ್ಯಾಕೆ ಮಾತು."

ಆ 'ಆಮ್ಯಾಕೆ ಮಾತು' ಬೆನ್ನಿನ ಮೇಲೆ ಕೂತಿದ್ದಂತೆ ನಾವು ಹೊಲಕ್ಕಿಳಿದೆವು. ಆಚಾರ್ರು ಕೋಲು ಆಡಿಸುವುದು, ನಾನು ಕೆದಕುವುದು. ಊರಿಗೆ ಊರೇ ಬದುವಿನ ಮೇಲೆ. ನಾಯಿಮರಿ ಕುಂಯ್ ಎಂದಾಗಲೆಲ್ಲ ಜನ ಉಸಿರು ಬಿಗಿಹಿಡಿಯುತ್ತಿದ್ದರು. ಎತ್ತಿನ ಲಾಳದ ಮೊಳೆ ಸಿಕ್ಕಿತು. ಕುಡುಗೋಲಿನ ಮುರುಕು ಸಿಕ್ಕಿತು. ಪ್ರತಿ ಸಲವೂ ಜಯಮ್ಮ ಓಡಿಬಂದು ನನ್ನ ಅಂಗೈಯನ್ನು ನೋಡಿ ಹಿಂದಕ್ಕೆ ಹೋಗುತ್ತಿದ್ದಳು. ನನಗೆ ಈಗ ನನ್ನ ಕೈಕಾಲಿನ ಚಿಂತೆ ಹಿಂದೆ ಬಿದ್ದಿತ್ತು. ಇದು ಸಿಗದಿದ್ದರೆ ಈ ಹೆಣ್ಣುಮಗಳು ಗಂಡ ಸತ್ತನೆಂದೇ ತಿಳಿಯುತ್ತಾಳಲ್ಲ, ಅವನು ಬದುಕಿರುವಾಗಲೇ ಇವಳು ಸತ್ತುಹೋಗುತ್ತಾಳಲ್ಲ ಎಂದು ಭಯವಾಯಿತು. ಬೇರೆಯವರ ಸಲುವಾಗಿ ನಾನು ಹೆದರಿದ್ದು ಅದೇ ಮೊದಲಿರಬೇಕು.

ಬಿಸಿಲು ನೆತ್ತಿಯಿಂದ ಇಳಿದಿತ್ತು. ಹೊಲದ ಮೂಲೆಯಲ್ಲಿ, ಬದುವಿನ ಲಕ್ಕಿಗಿಡದ ಪಕ್ಕ ನಾಯಿಮರಿ ಸಣ್ಣಗೆ, ಸ್ಪಷ್ಟವಾಗಿ ಕೂಗಿತು. ಗೇಣುದ್ದ ಅಗೆದೆ. ಮಣ್ಣು ಮೆತ್ತಿದ ಪುಟ್ಟ ಬಿಲ್ಲೆ ಕೈಗೆ ಬಂತು. ಅಂಚಿನಲ್ಲಿ ದಾರ ಪೋಣಿಸುವ ಪುಟ್ಟ ಕೊಂಡಿ ಇತ್ತು. "ಸಿಕ್ತು!" ಎಂದು ಯಾರೋ ಕೂಗಿದರು. ಜಯಮ್ಮ ಅದನ್ನು ಕಸಿದುಕೊಂಡು, ಚೊಂಬಿನ ನೀರಲ್ಲಿ ತೊಳೆದು, ಸೆರಗಿನಲ್ಲಿ ಒರೆಸಿ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು.

"ಇದು ನಂದಲ್ಲ," ಎಂದಳು.

ಹಿಂದಿನಿಂದ ಒಂದು ದನಿ ಬಂತು: "ಯಾವ್ ಸತ್ತೋಳ ತಾಳಿಯೋ, ಏನ್ ಕತೆಯೋ." ಇನ್ನೊಂದು ದನಿ: "ಹುಡುಕ್ದೇ ಇದ್ರೆ ಆಯ್ತಿತ್ತು. ಕೇಡುಗಾಲ." ಜಯಮ್ಮನ ಕೈಯಿಂದ ಬಿಲ್ಲೆ ನೆಲಕ್ಕೆ ಬಿತ್ತು. ಅವಳು ಅಲ್ಲೇ ಕುಸಿದು ಕೂತು, ಅಳುವುದಕ್ಕೂ ಆಗದೆ ಬಾಯಿ ತೆರೆದುಕೊಂಡು ಉಸಿರೆಳೆಯತೊಡಗಿದಳು. ಬೋರೇಗೌಡ ನಮ್ಮ ಕಡೆ ತಿರುಗಿದ. ನಾನು ಆಚಾರ್ರ ಬೆನ್ನ ಹಿಂದೆ ಸರಿದೆ.

ಆಗ ಪುಟ್ಟಲಿಂಗಮ್ಮ ಬದು ಇಳಿದು ಬಂದಳು. ಬಿಲ್ಲೆ ಎತ್ತಿಕೊಂಡಳು. ಕಣ್ಣ ಹತ್ತಿರ ಹಿಡಿದು ಹಿಂದೆ ಮುಂದೆ ತಿರುಗಿಸಿದಳು.

"ಇದು ನಂದು," ಎಂದಳು.

ಜನ ಮುಖಮುಖ ನೋಡಿಕೊಂಡರು.

"ನಂದೇ ಕಣ್ರೋ. ಮದ್ವೆಯಾದ್ ಒಸ್ದರಲ್ಲಿ ಇದೇ ಒಲ್ದಾಗೆ ಕಳ್ಕಂಡಿದ್ದೆ. ಅತ್ತೆ ಕೊಂದಾಕ್ಬುಟ್ಟಾಳು ಅಂತ ಬಾಯ್ ಬುಡ್ನಿಲ್ಲ. ಅರಿಶಿನದ್ ಕೊಂಬ್ ಕಟ್ಕಂಡು, ಕುಬ್ಸದೊಳಗೆ ಮಡಿಕಂಡು ಕಾಲ ತಳ್ಳುದ್ನಿ." ಅವಳು ಸೊಸೆಯ ಎದುರು ಕೂತು, ಅವಳ ಗಲ್ಲ ಹಿಡಿದೆತ್ತಿದಳು. "ಇಲ್ನೋಡವ್ವ. ನಿಮ್ಮಾವ ಅದಾದ್ ಮ್ಯಾಲೆ ಎಷ್ಟ್ ವರ್ಸ ಬದುಕ್ನಿಲ್ಲ? ಒಲ ಉಳ್ನಿಲ್ವಾ, ಮಕ್ಳ್ ಹುಟ್ಟುಸ್ನಿಲ್ವಾ, ನನ್ ಮ್ಯಾಲೆ ಕೂಗಾಡ್ನಿಲ್ವಾ? ಮುದ್ಕಾಗಿ ಹಲ್ಲುದ್ರೋದ್ ಮ್ಯಾಲೆ ಸತ್ತ. ತಾಳಿ ಕಳ್ದೋದ್ರೆ ಗಂಡ ಓಯ್ತಾನೆ ಅನ್ನೋದು ಸುಳ್ಳು ಕಣವ್ವ. ನಾನ್ ಅವತ್ತ್ ಅಂದುದ್ದು ಬಾಯ್ ಚಪಲಕ್ಕೆ. ಏಳು, ಏನಾರ ಉಣ್ಣು."

ಜಯಮ್ಮ ಅತ್ತೆಯನ್ನೇ ನೋಡುತ್ತಿದ್ದಳು. ನಂಬಲೋ ಬಿಡಲೋ ಎಂಬಂಥ ನೋಟ. ಅಷ್ಟರಲ್ಲಿ ಬೋರೇಗೌಡ ಬಿಲ್ಲೆಯನ್ನು ಇಸಿದುಕೊಂಡು, "ಇದ್ಯಾಕಮ್ಮೋ ಇಂಗ್ ಕಪ್ಪಗದೆ? ಇತ್ತಾಳೆ ಇದ್ದಂಗದೆ?" ಎಂದ. ಜಯಮ್ಮನ ಕಣ್ಣು ಮತ್ತೆ ಮಂಕಾಯಿತು. "ಲೋ, ನೀನು ಅಕ್ಸಾಲಿಗರೋನು ಅಂದ್ಯಲ್ಲ, ನೋಡ್ ಏಳ್ಲಾ," ಎಂದು ಅವನು ಅದನ್ನು ಆಚಾರ್ರ ಕೈಗೆ ಹಾಕಿದ.

ಆಚಾರ್ರು ಬಿಲ್ಲೆಯನ್ನು ಅಂಗೈಯಲ್ಲಿ ತೂಗಿದರು. ಉಗುರಿನಿಂದ ಅಂಚು ಕೆರೆದರು. ತಲೆಯೆತ್ತಿದಾಗ ಎದುರಿಗೆ ಪುಟ್ಟಲಿಂಗಮ್ಮನ ಮುಖ. ಅವಳು ರೆಪ್ಪೆ ಬಡಿಯದೆ ಅವರನ್ನೇ ನೋಡುತ್ತಿದ್ದಳು.

"ಚಿನ್ನವೇ," ಎಂದರು ಆಚಾರ್ರು. "ಹಳೇ ಕಾಲದ್ದು. ತಾಮ್ರ ಜಾಸ್ತಿ ಬೆರೆಸ್ತಿದ್ರು, ಅದ್ಕೇ ಮಂಕಾಗಿದೆ."

ಅಕ್ಕಸಾಲಿಯ ಮಾತಿನ ಮೇಲೆ ಮಾತಿಲ್ಲ. ಜಯಮ್ಮ ಅತ್ತೆಯ ಮಡಿಲಿಗೆ ಮುಖವಿಟ್ಟು, ಈಗ ಗಟ್ಟಿಯಾಗಿ, ಎಲ್ಲರೆದುರೇ ಅತ್ತಳು. ಆಮೇಲೆ ಯಾರೋ ತಂದ ಮಜ್ಜಿಗೆಯನ್ನು ಗಟಗಟ ಕುಡಿದಳು. ಅದನ್ನು ನೋಡಿ ಬೋರೇಗೌಡನೇ ತಿರುಗಿ ನಿಂತು ಟವೆಲಿನಲ್ಲಿ ಕಣ್ಣೊರೆಸಿಕೊಂಡ. ನಮಗೂ ಮಜ್ಜಿಗೆ ಕೊಟ್ಟರು. ನಿಂಬೆಹಣ್ಣು ಕುಂಕುಮ ಸಮೇತ ಚೀಲ ವಾಪಸ್ಸು ಕೊಟ್ಟು ಬಸ್ಸು ಹತ್ತಿಸಿದರು.

ಬಸ್ಸಿನಲ್ಲಿ ಆಚಾರ್ರು ಬಿಲ್ಲೆ ಕೆರೆದ ಉಗುರನ್ನು ಷರಟಿಗೆ ತಿಕ್ಕುತ್ತಲೇ ಇದ್ದರು. ಪಾಂಡವಪುರದ ದಾರಿಗೆ ಬಂದ ಮೇಲೆ ಮೆಲ್ಲಗೆ, "ಹಿತ್ತಾಳೆ ಮೇಷ್ಟ್ರೇ," ಎಂದರು. "ಎತ್ತಿನ ಹಣೆಪಟ್ಟಿಗೆ ಹೊಲಿಯೋ ಬಿಲ್ಲೆ. ತಾಳಿಯೂ ಅಲ್ಲ, ಚಿನ್ನವೂ ಅಲ್ಲ. ಆಯಮ್ಮ ನೋಡಿದ ತಕ್ಷಣವೇ ಗೊತ್ತಾಗಿತ್ತು, ಎತ್ತು ಕಟ್ಟಿದ ಮನೆ ಅಲ್ವಾ. ಹಿತ್ತಾಳೇನ ಚಿನ್ನ ಅಂದೆ. ನಮ್ಮಪ್ಪ ಇದ್ದಿದ್ರೆ ನನ್ನ ಮನೆಗೆ ಸೇರಿಸ್ತಿರಲಿಲ್ಲ."

ಅವರಿಗೆ ಸತ್ತ ಅಪ್ಪನ ಹೆದರಿಕೆ. ನನಗೆ ಬದುಕಿರುವವರೆಲ್ಲರದೂ.

ಆಮೇಲಿನ ದಿನಗಳು ನನ್ನ ಜೀವಮಾನದ ಹೆದರಿಕೆಗಳಲ್ಲೇ ಕೆಟ್ಟವು. ಜಯಮ್ಮನ ಗಂಡ ಆಪರೇಷನ್ನಿನಲ್ಲಿ ಹೋಗಿಬಿಟ್ಟರೆ? ಸುಳ್ಳೆಂದು ತಿಳಿದು ಜಯಮ್ಮ ಬಾವಿಗೆ ಬಿದ್ದರೆ? ಬೋರೇಗೌಡ ಮಚ್ಚು ಹಿಡಿದು ಪೇಟೆ ಬೀದಿಗೆ ಬಂದರೆ? ಪಾಠ ಮಾಡುವಾಗ ಬಾಗಿಲಲ್ಲಿ ನೆರಳಾಡಿದರೂ ಬೆಚ್ಚುತ್ತಿದ್ದೆ. ನಾಯಿಮರಿಯನ್ನು ಆಚಾರ್ರು ಅಂಗಡಿಯ ಮೊಳೆಗೆ ನೇತುಹಾಕಿದರು. ಅದರ ಮಾತನ್ನು ಇಬ್ಬರೂ ಎತ್ತಲಿಲ್ಲ.

ಒಂದು ಶನಿವಾರ ಮಧ್ಯಾಹ್ನ, ಸ್ಕೂಲು ಬಿಟ್ಟವನು ಆಚಾರ್ರ ಅಂಗಡಿಯಲ್ಲಿ ಕೂತಿದ್ದೆ. ಬಾಗಿಲಿಗೆ ಅಡ್ಡವಾಗಿ ಒಂದು ಗಿಡ್ಡ ಆಕೃತಿ ನಿಂತಿತು. ಪುಟ್ಟಲಿಂಗಮ್ಮ. ಒಬ್ಬಳೇ ಬಂದಿದ್ದಳು. ಮಗ ಸತ್ತ, ಶಾಪ ಹಾಕಲು ಬಂದಿದ್ದಾಳೆ ಎಂದೇ ತಿಳಿದು ನಾನು ಎದ್ದು ಹಿತ್ತಿಲ ಬಾಗಿಲು ಹುಡುಕಿದೆ. ಆ ಅಂಗಡಿಗೆ ಹಿತ್ತಿಲ ಬಾಗಿಲು ಇರಲಿಲ್ಲ.

"ಕೂತ್ಕಳಿ ಮೇಷ್ಟ್ರೇ, ಯಾಕಂಗ್ ಎದ್ರುಕತೀರಿ?" ಎಂದಳು. "ಮಗ ಮನೇಗ್ ಬಂದವ್ನೆ. ಅರ್ಧ ಮುದ್ದೆ ಉಣ್ತಾವ್ನೆ. ಸೊಸೇನೂ ಉಣ್ತಾವ್ಳೆ."

ನಾನು ಕೂತೆ. ಕಣ್ಣಲ್ಲಿ ನೀರು ಬಂತು. ನಾಚಿಕೆಯಾಗಲಿಲ್ಲ.

ಅವಳು ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿ ಒಂದು ತಾಳಿಬೊಟ್ಟು, ಎರಡು ಗುಂಡು. ಸವೆದು ನುಣುಪಾದ ಚಿನ್ನ.

"ಇದು ನಂದು," ಎಂದಳು. "ಯಾವತ್ತೂ ಕಳ್ದಿರ್ನಿಲ್ಲ. ನಮ್ ಯಜಮಾನ್ರು ಓದ್ ದಿನ ಕೊಳ್ಳಿಂದ ಬಿಚ್ಚುಸ್ಕಂಡು ಪೆಟ್ಟಿಗೇಲಿ ಮಡಿಗಿದ್ದೆ. ಸೊಸೆ ಆಮ್ಯಾಕೆ ಬಂದೋಳು, ಅವ್ಳಿಗ್ ತಿಳೀದು. ಅದ್ನ ಬಿಚ್ಚಿದ್ ನಮ್ಮೂರ್ ಸಣ್ತಾಯಿ, ನೀವ್ ಬಂದಿದ್ ದಿನ ಒಲದ್ ಬದಿನ್ ಮ್ಯಾಲೇ ನಿಂತಿದ್ಲು ಕಣಪ್ಪ. ಎಲ್ಲಿ ಬಾಯ್ ಬುಟ್ಬುಟ್ಟಾಳೋ ಅಂತ ನನ್ ಕೈಕಾಲೆಲ್ಲ ತಣ್ಗಾಗೋಗಿದ್ವು. ಪುಣ್ಯಾತ್ಗಿತ್ತಿ, ಬುಡ್ನಿಲ್ಲ."

"ನೀವು ಹೆದರಿದ್ರಾ?" ಎಂದೆ. ನನಗೆ ನಂಬಿಕೆಯಾಗಲಿಲ್ಲ.

"ಎದ್ರುಕಳ್ದೆ ಇರ್ತಾರಾ ಮೇಷ್ಟ್ರೇ? ಎದ್ರುಕೊಂಡೇ ಆ ಸುಳ್ ಏಳುದ್ನಿ."

ಅವಳಿಗೆ ಬೇಕಾದದ್ದು ಇಷ್ಟು: ಆ ತಾಳಿಯನ್ನು ಕರಗಿಸಿ ಸೊಸೆಗೆ ಹೊಸ ಬೊಟ್ಟು ಮಾಡಿಕೊಡಬೇಕು; ಹೊಲದಲ್ಲಿ ಸಿಕ್ಕ ಬಿಲ್ಲೆಯನ್ನೇ ಕರಗಿಸಿದ್ದೆಂದು ಸೊಸೆ ತಿಳಿಯಬೇಕು.

"ಕರಗಿಸಿದ್ರೆ ಮತ್ತೆ ಬರಲ್ಲಮ್ಮ," ಎಂದರು ಆಚಾರ್ರು. "ಯಜಮಾನ್ರು ಕಟ್ಟಿದ್ದು. ಎಲ್ಲಾದ್ರೂ ಬಚ್ಚಿಡಿ. ಹೊಸ ಬೊಟ್ಟಿಗೆ ಬೇರೆ ದಾರಿ ನೋಡೋಣ."

"ಎಲ್ಲಿ ಬಚ್ಚಿಡ್ಲಪ್ಪ? ನಾನ್ ಸತ್ ದಿನ ಪೆಟ್ಟಿಗೆ ತಗ್ಯೋಳು ಅವ್ಳೇಯ. ಇದ್ ಕೈಗ್ ಸಿಕ್ರೆ ಅತ್ತೆ ಸುಳ್ಳಾಡವ್ಳೆ ಅಂತ ಗೊತ್ತಾಯ್ತದೆ. ಮತ್ತೆ ಗಂಡ ಒಂದ್ ಸೀನು ಸೀನುದ್ರೂ ನಡುಗ್ತಾಳೆ." ಸ್ವಲ್ಪ ತಡೆದು, "ಮುಂಡೇರ್ ಚಿನ್ನ ಅವ್ಳ ಕೊಳ್ಗೆ ಆಗ್ಬಾರ್ದು ಅಂತೀಯಾ?" ಎಂದು ಕೇಳಿದಳು. ಅದೊಂದನ್ನು ಕೇಳುವಾಗ ಮಾತ್ರ ಅವಳ ದನಿ ಒಡೆಯಿತು.

"ಬೆಂಕಿಗೆ ಬಿದ್ದ ಚಿನ್ನಕ್ಕೆ ಯಾರ ಹೆಸರೂ ಉಳಿಯಲ್ಲ ಅಂತ ನಮ್ಮಪ್ಪ ಹೇಳ್ತಿದ್ರು," ಎಂದರು ಆಚಾರ್ರು.

ಅವರು ಅಟ್ಟದ ಮೇಲಿಂದ ಒಂದು ಗೋಣಿಚೀಲ ಇಳಿಸಿದರು. ತಂದೆಯ ಅಗ್ಗಿಷ್ಟಿಕೆ, ಊದುಗೊಳವೆ, ಚಿನ್ನ ಕರಗಿಸುವ ಪುಟ್ಟ ಮಣ್ಣಿನ ಮೂಸೆ. ಇದ್ದಿಲು ತರಲು ನನ್ನನ್ನೇ ಕಳಿಸಿದರು. ಬೆಂಕಿ ಹತ್ತಿತು. ಪುಟ್ಟಲಿಂಗಮ್ಮ ತಾಳಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ತಾನೇ ಮೂಸೆಯೊಳಗೆ ಹಾಕಿದಳು. ಆಮೇಲೆ ಬೀದಿಯ ಕಡೆ ಮುಖ ತಿರುಗಿಸಿ ಕೂತಳು. ಆಚಾರ್ರು ಊದುತ್ತಿದ್ದರು. ಬೊಟ್ಟಿನ ಅಂಚು ಮೊದಲು ಮೆತ್ತಗಾಯಿತು, ಗುಂಡುಗಳು ಒಂದಕ್ಕೊಂದು ಅಂಟಿದವು, ಕೊನೆಗೆ ಮೂರೂ ಸೇರಿ ಒಂದು ಹನಿಯಾಗಿ ನಡುಗುತ್ತಾ ನಿಂತವು.

"ಆಯ್ತೇನಪ್ಪ?" ಎಂದು ಅವಳು ತಿರುಗದೆಯೇ ಕೇಳಿದಳು.

"ಆಯ್ತಮ್ಮ."

"ಸರಿ ಬುಡು," ಎಂದಳು. "ನಾನ್ ಒಲ್ದಾಗ್ ಏಳುದ್ದು ಇನ್ ಸುಳ್ಳಲ್ಲ. ನನ್ ತಾಳಿ ಕಳ್ದೋಯ್ತು."